ಬೊನಾರಿಯಕ್ಕನ ಆರು ಹೊಲಿಗೆ

ಬೆಳಿಗ್ಗೆ ಎದ್ದವಳು ಮುಖಕ್ಕೆ ನೀರು ಹಾಕಿಕೊಳ್ಳುವ ಮೊದಲೇ ಬೊನಾರಿಯಕ್ಕ ಬೀದಿ ಬಾಗಿಲು ತೆರೆದು ಹೊಸ್ತಿಲ ಮೇಲೆ ನಿಲ್ಲುತ್ತಾಳೆ. ಎದುರು ಮನೆಯ ಬಾಗಿಲಿಗೆ, ಬಂದವರು ತಟ್ಟಲೆಂದು, ಹಿತ್ತಾಳೆಯ ಒಂದು ಮುಷ್ಟಿಯನ್ನು ಕೂರಿಸಿದ್ದಾರೆ. ಅವಳು ಅದನ್ನೇ ದಿಟ್ಟಿಸುತ್ತಾ, ಕತ್ತು ಆಡಿಸದೆ, ಮುಷ್ಟಿಯ ಸುತ್ತ ಇನ್ನೂ ಏನೇನು ಕಾಣುತ್ತದೆ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾಳೆ. ಜ್ವರ ಬಂದ ದಿನವೂ ಇದು ತಪ್ಪಿಲ್ಲ, ಸಮುದ್ರದ ಗಾಳಿ ಬಾಗಿಲನ್ನೇ ಕಿತ್ತುಕೊಂಡು ಹೋಗುವಂತೆ ಬೀಸಿದ ದಿನವೂ ತಪ್ಪಿಲ್ಲ. ಐದು ವರ್ಷದ ಹಿಂದೆ ಎಡಗಡೆಯ ಹೂವಿನ ಕುಂಡ ಕಾಣುತ್ತಿತ್ತು, ಬಲಗಡೆಯ ಗ್ಯಾಸ್ ಮೀಟರಿನ ಪೆಟ್ಟಿಗೆಯೂ ಕಾಣುತ್ತಿತ್ತು. ಮೊದಲು ಕುಂಡ ಹೋಯಿತು. ಆಮೇಲೆ ಮೀಟರು. ಹೋದ ಚಳಿಗಾಲದ ಹೊತ್ತಿಗೆ ಬಾಗಿಲಿನ ಚೌಕಟ್ಟೂ ಹೋಗಿ, ಹಲಗೆ ಮಾತ್ರ ಉಳಿದಿತ್ತು.

ಗ್ಲಾಕೋಮಾ ಎಂದು ಕಾಲ್ಯರಿ ಪಟ್ಟಣದ ಕಣ್ಣಿನ ಡಾಕ್ಟರು ಹೇಳಿದ್ದರು. ಹೋದದ್ದು ತಿರುಗಿ ಬರುವುದಿಲ್ಲ, ಇರುವುದನ್ನು ಕಾಪಾಡಿಕೊಳ್ಳೋಣ ಎಂದು ಕಣ್ಣಿಗೆ ಹಾಕುವ ಹನಿ ಬರೆದುಕೊಟ್ಟಿದ್ದರು. ನೇರಕ್ಕೆ ಇರುವುದೆಲ್ಲ ಅವಳಿಗೆ ಚೆನ್ನಾಗಿಯೇ ಕಾಣುತ್ತದೆ. ಸೂಜಿಗೆ ಮೊದಲ ಸಲಕ್ಕೇ ದಾರ ಪೋಣಿಸುತ್ತಾಳೆ. ಆದರೆ ಪಕ್ಕದಲ್ಲಿ ಏನಿದ್ದರೂ ಇಲ್ಲದ ಹಾಗೆಯೇ.

"ಬಾವಿ ತಳದಲ್ಲಿ ನಿಂತು ಮೇಲೆ ನೋಡಿದ ಹಾಗೆ ಕಣೇ," ಎಂದು ಒಮ್ಮೆ ನನಗೆ ಹೇಳಿದಳು. "ಆಕಾಶ ಚೆನ್ನಾಗೇ ಇದೆ. ಬಾವಿ ಮಾತ್ರ ಕಿರಿದಾಗ್ತಾ ಇದೆ."

ನಾನು ಅವಳ ಮನೆಯ ಮಹಡಿಯಲ್ಲಿ ಹದಿನೇಳು ವರ್ಷದಿಂದ ಬಾಡಿಗೆಗೆ ಇರುವವಳು. ಒರಿಸ್ತಾನೊ ನಗರದ ದೊಡ್ಡ ಚರ್ಚಿನ ಹಿಂದಿನ ಓಣಿಯಲ್ಲಿ, ಹಸಿ ಇಟ್ಟಿಗೆಯ ಗೋಡೆಯ ಹಳೆಯ ಮನೆ ಅದು. ಕೆಳಗೆ ಬೀದಿಗೆ ತೆರೆಯುವ ಒಂದೇ ಕೋಣೆ, ಅದರ ಹಿಂದೆ ಅಡುಗೆಮನೆ. ಕೋಣೆಗೆ ಒಂದೇ ಕಿಟಕಿ. ಕಿಟಕಿಯ ಕೆಳಗೆ ಹೊಲಿಗೆ ಯಂತ್ರ. ಬೊನಾರಿಯಕ್ಕನಿಗೆ ವಯಸ್ಸು ಅರವತ್ತಾರು, ಗಂಡ ತೀರಿಕೊಂಡು ಬಹಳ ಕಾಲವಾಯಿತು, ಮಕ್ಕಳಿಲ್ಲ. ಪ್ಯಾಂಟಿನ ಕಾಲು ಮಡಿಚಿ ಹೊಲಿಯುವುದು, ಕಿಟಕಿ ಪರದೆ, ಶಾಲೆಯ ಮಕ್ಕಳ ಮೇಲಂಗಿ, ಇವೇ ಅವಳ ದಿನದ ಕೆಲಸ.

ಒಂದು ದಿನ ಮೆಟ್ಟಿಲ ಬುಡದಲ್ಲಿ ನಾನಿಟ್ಟಿದ್ದ ಬಕೆಟ್ಟಿಗೆ ಎಡವಿ ಬಿದ್ದಳು. ಬಕೆಟ್ಟು ಕೆಂಪು ಬಣ್ಣದ್ದು, ಹಗಲು ಹನ್ನೊಂದು ಗಂಟೆ. ನೆಲದ ಮೇಲೆ ಕೂತೇ, ಒದ್ದೆ ಲಂಗ ಹಿಂಡುತ್ತಾ, "ಇನ್ನು ನಿನ್ನ ಹತ್ರ ಮುಚ್ಚಿಡೋಕಾಗಲ್ಲ ಬಿಡು," ಎಂದಳು. ಹಾಗೆ ನನಗೆ ಗೊತ್ತಾಯಿತು. ಬೇರೆ ಯಾರಿಗೂ ಹೇಳಕೂಡದೆಂದು ಮಾತು ತೆಗೆದುಕೊಂಡಳು. ಅವಳ ತಂಗಿಯ ಮಗಳು ಗ್ರೇಕಾ ನಮ್ಮ ಚೌಕದ ಔಷಧಿ ಅಂಗಡಿಯಲ್ಲೇ ಕೆಲಸ ಮಾಡುವುದರಿಂದ ಹನಿಯ ಬಾಟಲಿಯನ್ನು ನಾನು ಬಸ್ಸು ಹತ್ತಿ ಪಕ್ಕದ ಊರಿನಿಂದ ತಂದುಕೊಡುತ್ತಿದ್ದೆ. ಗ್ರೇಕಾ ಎದುರಾದಾಗಲೆಲ್ಲ ನಾನು ಮೀನಿನ ಬೆಲೆಯ ವಿಷಯ ತೆಗೆಯುತ್ತಿದ್ದೆ.

ಮುಚ್ಚಿಡಲು ಕಾರಣವಿತ್ತು. ಉಪವಾಸದ ನಲವತ್ತು ದಿನ ಶುರುವಾಗುವ ಮೊದಲು ನಮ್ಮಲ್ಲಿ ಸಾರ್ತಿಲ್ಯಾ ನಡೆಯುತ್ತದೆ. ಚರ್ಚಿನ ಮುಂದಿನ ಬೀದಿಗೆ ಅಡ್ಡಲಾಗಿ ಹಸಿರು ಪಟ್ಟಿ ಕಟ್ಟಿ ಒಂದು ನಕ್ಷತ್ರ ತೂಗುಬಿಡುತ್ತಾರೆ. ಸವಾರರು ಕುದುರೆಯನ್ನು ನಾಗಾಲೋಟಕ್ಕೆ ಬಿಟ್ಟು ಅದರ ನಡುವಿನ ತೂತಿಗೆ ಕತ್ತಿ ತೂರಿಸಬೇಕು. ಎಷ್ಟು ನಕ್ಷತ್ರ ಸಿಕ್ಕಿದವೋ ವರ್ಷ ಅಷ್ಟು ಒಳ್ಳೆಯದು. ಈ ಸವಾರರ ನಾಯಕನಿಗೆ ಕೊಂಪೊನಿದೋರಿ ಎನ್ನುತ್ತಾರೆ. ಬೆಳಿಗ್ಗೆ ಅವನನ್ನು ಮೇಜಿನ ಮೇಲಿನ ಕುರ್ಚಿಯಲ್ಲಿ ಕೂರಿಸಿ ಹೆಂಗಸರು ಅಲಂಕಾರ ಮಾಡುತ್ತಾರೆ. ಬಟ್ಟೆಯನ್ನು ಅವನ ಮೈಮೇಲೆಯೇ ಹೊಲಿಯುತ್ತಾರೆ. ಮುಖವಾಡ ಕಟ್ಟಿ, ಮುಸುಕು ಹೊಲಿದ ಮೇಲೆ ಅವನು ಮಾತಾಡುವುದಿಲ್ಲ. ಸಂಜೆ ಅದನ್ನು ಕಳಚುವವರೆಗೆ ಅವನ ಕಾಲು ನೆಲಕ್ಕೆ ತಾಗುವ ಹಾಗಿಲ್ಲ. ಅವನು ಆ ಹೊತ್ತು ನಮ್ಮಂಥ ಮನುಷ್ಯನಲ್ಲ.

ಅಲಂಕಾರ ಮಾಡುವ ಹುಡುಗಿಯರಿಗೆ ಹಿರಿಯಳಾಗಿ ಒಬ್ಬಳು ನಿಲ್ಲುತ್ತಾಳೆ. ಹಬ್ಬ ನಡೆಸುವ ನಮ್ಮ ಕೂಟದಲ್ಲಿ ಇಪ್ಪತ್ತಮೂರು ವರ್ಷದಿಂದ ಆ ಜಾಗ ಬೊನಾರಿಯಕ್ಕನದು. ವರ್ಷಕ್ಕೆ ಒಂದೂವರೆ ಗಂಟೆಯ ಕೆಲಸ. ಆ ಒಂದೂವರೆ ಗಂಟೆಗಾಗಿಯೇ ಜನ ಅವಳ ಬಾಗಿಲು ತಟ್ಟುತ್ತಿದ್ದರು, ಮದುವೆಗೆ ಮೊದಲ ಸಾಲಿನಲ್ಲಿ ಕೂರಿಸುತ್ತಿದ್ದರು. ಕಣ್ಣಿನ ವಿಷಯ ತಿಳಿದರೆ ಸೂಜಿ ಬೇರೆಯವರ ಕೈಗೆ ಹೋಗುತ್ತದೆ. ಸೂಜಿ ಹೋದರೆ ತನಗೆ ಉಳಿಯುವುದು ಒಂದು ಕಿಟಕಿ, ಅದೂ ದಿನಕ್ಕಿಷ್ಟು ಮುಚ್ಚಿಕೊಳ್ಳುತ್ತಿದೆ. ಹೀಗೆಂದು ಅವಳೇ ಹೇಳಿದ್ದಳು.

ಮುಚ್ಚಿಟ್ಟದ್ದರಿಂದ ಕೋಣೆ ಇನ್ನೂ ಚಿಕ್ಕದಾಯಿತು. ಸಂತೆಗೆ ಹೋದರೆ ಯಾರಿಗಾದರೂ ಡಿಕ್ಕಿ ಹೊಡೆಯುತ್ತೇನೆಂದು ಸಂತೆ ಬಿಟ್ಟಳು. ಪಕ್ಕದಿಂದ ಯಾರಾದರೂ ತಲೆ ಬಾಗಿಸಿ ನಮಸ್ಕಾರ ಹೇಳಿದರೆ ಅವಳಿಗೆ ಕಾಣುತ್ತಿರಲಿಲ್ಲ, ಹಾಗೇ ಮುಂದೆ ಹೋಗುತ್ತಿದ್ದಳು. ಬೊನಾರಿಯಾಗೆ ಕೊಬ್ಬು ಬಂದಿದೆ ಎಂದು ಓಣಿಯಲ್ಲಿ ಮಾತಾಯಿತು.

"ದೊಡ್ಡಮ್ಮ, ನಿನ್ನೆ ಮೀನಿನ ಅಂಗಡಿಯವಳಿಗೆ ನೀವು ಮುಖ ತಿರುಗಿಸ್ಕೊಂಡು ಹೋದ್ರಂತೆ," ಎಂದು ಗ್ರೇಕಾ ಕೇಳಿದಳು.

"ಅವಳ ಮುಖದಲ್ಲಿ ನೋಡೋಕೇನಿದೆ?" ಎಂದಳು ಬೊನಾರಿಯಕ್ಕ.

ಗ್ರೇಕಾ ನಕ್ಕಳು. ನಾನು ಮಹಡಿಗೆ ಬಂದು ಜಪಸರ ಹಿಡಿದು ಕೂತೆ. ಬೇರೆಯವರ ಗುಟ್ಟನ್ನು ಕಾಯುವುದು ಪುಣ್ಯವೋ ಪಾಪವೋ ಎಂದು ಪಾದ್ರಿಗಳನ್ನು ಕೇಳಬೇಕೆಂದುಕೊಂಡೆ. ಕೇಳಿದರೆ ಗುಟ್ಟು ಹೇಳಿದ ಹಾಗಾಗುತ್ತದೆ ಎಂದು ಸುಮ್ಮನಾದೆ.

ಫೆಬ್ರವರಿ ಎರಡರಂದು, ಚರ್ಚಿನಲ್ಲಿ ಮೇಣದ ಬತ್ತಿಗಳಿಗೆ ಆಶೀರ್ವಾದ ಮಾಡುವ ದಿನ, ಕೂಟದ ಯಜಮಾನ ಅಂತಿಯೊಗು ಒಂದು ಬತ್ತಿಯನ್ನು ಎಫೀಸಿಯೊನ ಮನೆಗೆ ಒಯ್ದುಕೊಟ್ಟ. ಅಂದರೆ ಈ ವರ್ಷದ ಕೊಂಪೊನಿದೋರಿ ಅವನೇ. ಎಫೀಸಿಯೊ ಕೆರೆಯಾಚೆ ಕುದುರೆ ಸಾಕುವವನು. ನಲವತ್ತು ದಾಟಿದ ಗಟ್ಟಿ ಆಳು, ನಾಲಿಗೆಗೆ ಲಗಾಮಿಲ್ಲ. ಚಿಕ್ಕವನಿದ್ದಾಗ ಇದೇ ಓಣಿಯಲ್ಲಿದ್ದ. ಅವನ ಹರಿದ ಚಡ್ಡಿಗಳನ್ನೆಲ್ಲ ಬೊನಾರಿಯಕ್ಕನೇ ಹೊಲಿದುಕೊಡುತ್ತಿದ್ದಳು.

ಅಂದೇ ಮಧ್ಯಾಹ್ನ ಗ್ರೇಕಾ ಬಂದಳು. ಅವಳು ಹತ್ತು ವರ್ಷದಿಂದ ಅಲಂಕಾರದ ಹುಡುಗಿಯರಲ್ಲಿ ಒಬ್ಬಳು. ಹುಡುಗಿಯರು ಎನ್ನುವುದು ಮಾತಿಗೆ ಅಷ್ಟೆ, ಅವಳಿಗೆ ಮೂವತ್ತನಾಲ್ಕು.

"ದೊಡ್ಡಮ್ಮ, ಈ ಸಲ ತೋಳು ನಾನು ಹೊಲಿಲಾ? ನೀವು ಮುಸುಕು ಮಾತ್ರ ಮಾಡಿ."

"ಯಾಕೆ, ನನ್ನ ಕೈ ಬಿದ್ದುಹೋಗಿದ್ಯಾ?"

"ಕಲಿಯೋಣ ಅಂತ."

"ಹತ್ತು ವರ್ಷದಿಂದ ಪಕ್ಕದಲ್ಲಿ ನಿಂತು ಏನು ನೋಡ್ತಿದ್ದೆ, ಸವಾರನ ಮೀಸೆನಾ?"

ಗ್ರೇಕಾಳ ಮುಖ ಸಪ್ಪಗಾಯಿತು.

ಹಬ್ಬದ ಬೆಳಿಗ್ಗೆ ನಾನೂ ಹೋಗಿದ್ದೆ. ಕೂಟದ ಹಜಾರದ ಹಿಂದಿನ ಗೋಡೆಗೆ ಒರಗಿ ನಿಂತಿದ್ದೆ. ತುತ್ತೂರಿ, ತಮಟೆ, ಕಿತ್ತಳೆ ಸಿಪ್ಪೆ ಹಾಕಿ ಕರಿದ ಸುರುಳಿಗಳ ವಾಸನೆ, ಸಣ್ಣ ಲೋಟಗಳಲ್ಲಿ ಹಳದಿ ದ್ರಾಕ್ಷಾರಸ. ಎಫೀಸಿಯೊ ಮೇಜು ಹತ್ತುವ ಮೊದಲು ನೆಲವನ್ನು ಎರಡು ಸಲ ಜೋರಾಗಿ ತುಳಿದ. "ಸಂಜೆತನಕ ಇದರ ಮುಖ ನೋಡೋ ಹಾಗಿಲ್ಲ," ಎಂದ. ಜನ ನಕ್ಕರು.

ಹಬ್ಬದ ಉಡುಪಿನಲ್ಲಿದ್ದ ಬೊನಾರಿಯಕ್ಕನೂ ಮೇಜು ಹತ್ತಿ ಅವನ ಕುರ್ಚಿಯ ಪಕ್ಕ ನಿಂತಳು. ಅವಳ ಬಿಳಿ ರವಿಕೆಯ ತೋಳಿನ ತುದಿಗೆ ಅಗಲವಾದ ಲೇಸು, ಅವಳ ತಾಯಿ ಕೈಯಲ್ಲೇ ಹೆಣೆದದ್ದು, ಬೆರಳಿನ ಬುಡದವರೆಗೂ ಇಳಿಬಿದ್ದಿರುತ್ತದೆ. ಎಡಗೈಯನ್ನು ಎಫೀಸಿಯೊನ ಮಣಿಕಟ್ಟಿನ ಕೆಳಗೆ ಆನಿಸಿ, ಬಲಗೈಯಲ್ಲಿ ಸೂಜಿ ಹಿಡಿದು ಅವನ ಅಂಗಿಯ ತೋಳನ್ನು ಬಿಗಿದು ಹೊಲಿಯತೊಡಗಿದಳು. ಅವಳಿಗೆ ಕಾಣುತ್ತಿದ್ದದ್ದು ಸೂಜಿಯ ಮೊನೆ ಮತ್ತು ಅದರ ಸುತ್ತ ಒಂದು ನಾಣ್ಯದಷ್ಟು ಬಟ್ಟೆ. ಅಷ್ಟರೊಳಗೆ ಎಲ್ಲ ಸರಿಯಾಗಿತ್ತು. ಒಂದೊಂದು ಹೊಲಿಗೆಯೂ ಅಳೆದು ಇಟ್ಟ ಹಾಗೆ ಬಂತು. ಆರು ಹೊಲಿಗೆ ಹಾಕಿ, ಗಂಟು ಬಿಗಿದು, ದಾರ ಕಚ್ಚಿ ತುಂಡು ಮಾಡಿ ಎಡಗೈ ಹಿಂದಕ್ಕೆ ತೆಗೆದಳು. ಕೈಯ ಜೊತೆಗೆ ಎಫೀಸಿಯೊನ ತೋಳೂ ಬಂತು.

ಅವಳ ಸ್ವಂತ ತೋಳಿನ ಲೇಸು ಅವನ ಅಂಗಿಯ ಮಡಿಕೆಯೊಳಗೆ ಸೇರಿಹೋಗಿತ್ತು. ಆರು ಹೊಲಿಗೆಯೂ ಎರಡನ್ನೂ ಸೇರಿಸಿ ಬಿದ್ದಿದ್ದವು.

"ಎಲ್ಲಿಗೆ ಎಳ್ಕೊಂಡು ಹೋಗ್ತಿದೀರಿ ಅತ್ತೆ?" ಎಂದು ಎಫೀಸಿಯೊ ಮೆಲ್ಲಗೆ ಕೇಳಿದ. "ನನಗೆ ಮದುವೆ ಆಗಿದೆ."

ಅವಳು ಮತ್ತೊಮ್ಮೆ ಎಳೆದಳು. ಬರಲಿಲ್ಲ. ಮೈಮೇಲೆ ಒಮ್ಮೆ ಹಾಕಿದ ಹೊಲಿಗೆಯನ್ನು ಸಂಜೆಯವರೆಗೆ ಬಿಚ್ಚಬಾರದೆಂದು ಅವಳಿಗೆ ಈ ಕೆಲಸ ಕಲಿಸಿದ ಅವಳ ಅತ್ತೆ ಹೇಳಿಕೊಟ್ಟಿದ್ದಳು. ಬಿಚ್ಚಿದರೆ ಸವಾರ ಕುದುರೆಯಿಂದ ಬೀಳುತ್ತಾನೆಂದು ಅವಳ ನಂಬಿಕೆ. ಬೊನಾರಿಯಕ್ಕ ಇಪ್ಪತ್ತಮೂರು ವರ್ಷದಲ್ಲಿ ಒಂದು ಹೊಲಿಗೆಯನ್ನೂ ಬಿಚ್ಚಿದವಳಲ್ಲ. ತುತ್ತೂರಿ ನಿಂತಿತ್ತು. ಹಜಾರದ ತುಂಬ ಜನ, ಎಲ್ಲರ ಕಣ್ಣೂ ಮೇಜಿನ ಮೇಲೆ. ಅವಳು ಬಾಗಿದ ಬೆನ್ನು ಎತ್ತದೆ, ಅವನ ಕೈಗೆ ಕಟ್ಟಿಹಾಕಿದವಳ ಹಾಗೆ ನಿಂತೇ ಇದ್ದಳು. ಒಂದು ಕಡೆ ಜನ, ಇನ್ನೊಂದು ಕಡೆ ಕುರ್ಚಿ. ಮೇಜಿನ ಅಂಚು ಎಲ್ಲಿದೆ ಎಂಬುದೇ ಅವಳಿಗೆ ಕಾಣುತ್ತಿರಲಿಲ್ಲ.

"ಆಗ ಎಷ್ಟು ಹೊತ್ತಾಯ್ತು?" ಎಂದು ಆಮೇಲೆ ನನ್ನನ್ನು ಕೇಳಿದಳು. ಒಂದು ನಿಮಿಷವೂ ಆಗಿರಲಿಲ್ಲ ಎಂದರೆ ನಂಬಲಿಲ್ಲ.

"ಗ್ರೇಕಾ, ಕತ್ತರಿ," ಎಂದಳು ಕೊನೆಗೆ.

ದಾರಕ್ಕೆಂದು ತಿಳಿದು ಗ್ರೇಕಾ ಕತ್ತರಿ ಕೊಟ್ಟಳು. ಬೊನಾರಿಯಕ್ಕ ಅದನ್ನು ತನ್ನ ತೋಳಿಗೇ ಹಾಕಿದಳು. ತಾಯಿಯ ಲೇಸನ್ನು ಮಣಿಕಟ್ಟಿನ ಸುತ್ತ ಕತ್ತರಿಸುತ್ತಾ ಬಂದಳು. ಕೈ ಬಿಡಿಸಿಕೊಂಡಾಗ ಗೇಣುದ್ದದ ಲೇಸು ಎಫೀಸಿಯೊನ ತೋಳಿನಿಂದ ಜೋತಾಡುತ್ತಿತ್ತು. ಜನರಲ್ಲಿ ಗುಜುಗುಜು ಎದ್ದಿತು. ಕೆಳಗೆ ನಿಂತಿದ್ದ ಅಂತಿಯೊಗು ತಲೆಯೆತ್ತಿ ಅವಳ ಮುಖವನ್ನು ನೋಡಿದ. ತಕ್ಷಣ ತುತ್ತೂರಿಯವರಿಗೆ ಕೈ ಮಾಡಿದ.

ಇನ್ನು ಮುಖವಾಡ. ಅದನ್ನು ಪಟ್ಟಿಗಳಿಂದ ಕಟ್ಟಿ, ಮೇಲೆ ಬಿಳಿ ಮುಸುಕು ಸುತ್ತಿ, ಕಿವಿಯ ಕೆಳಗೆ ಹೊಲಿಯಬೇಕು. ಗ್ರೇಕಾ ಕೈ ಚಾಚಿದಳು.

"ಕೊಡಿ ದೊಡ್ಡಮ್ಮ. ಇದನ್ನ ನಾನು ಹೊಲಿತೀನಿ."

"ಸರ್ಕೊ ಆಕಡೆ."

"ದೊಡ್ಡಮ್ಮ, ಕೊಡಿ."

"ಸರ್ಕೊ ಅಂದೆ."

ಸೂಜಿ ಕೊಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವಳು ಕೊಡಲಿಲ್ಲ. ಬೆರಳಿನಿಂದ ತಡವಿ, ಬಟ್ಟೆ ಎಲ್ಲಿ ಮುಗಿದು ಚರ್ಮ ಎಲ್ಲಿ ಶುರುವಾಗುತ್ತದೆ ಎಂದು ಅಳೆದು ಸೂಜಿ ಚುಚ್ಚಿದಳು. ಮೂರನೆಯ ಹೊಲಿಗೆಗೆ ಎಫೀಸಿಯೊನ ಭುಜ ಒಮ್ಮೆ ಬಿಗಿಯಿತು. ಮುಖವಾಡ ಹಾಕಿದವನು ಮಾತಾಡುವ ಹಾಗಿಲ್ಲ. ಅವಳ ಕಣ್ಣಿನ ಆ ನಾಣ್ಯದಷ್ಟು ಬೆಳಕಿನೊಳಗೆ ಒಂದು ಕೆಂಪು ಹನಿ ಬಂದು ನಿಂತಿತು. ಮುಸುಕಿನ ಮಡಿಕೆಯನ್ನು ಅದರ ಮೇಲೆ ಎಳೆದು ಮುಂದಿನ ಹೊಲಿಗೆ ಹಾಕಿದಳು.

ಕುದುರೆಯನ್ನು ಹಜಾರದೊಳಗೇ ತಂದರು. ಸವಾರ ಮೇಜಿನಿಂದ ನೇರ ಅದರ ಬೆನ್ನಿಗೆ ಏರಿ, ಬಾಗಿಲಿನ ಕಮಾನಿನ ಕೆಳಗೆ ಹಿಂದಕ್ಕೆ ಒರಗಿ ಮಲಗಿದ ಹಾಗೆ ಹೊರಗೆ ಹೋದ. ಜನರೆಲ್ಲ ಅವನ ಹಿಂದೆ ಹೋದರು. ಬೊನಾರಿಯಕ್ಕ ಖಾಲಿ ಹಜಾರದಲ್ಲಿ ಮೇಜಿಗೆ ಒರಗಿ ಕೂತಳು, ಒಂದು ಕೈ ಬರಿದು. ನಾನು ಪಕ್ಕದಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ಚರ್ಚಿನ ಕಡೆಯಿಂದ ದೊಡ್ಡ ಗದ್ದಲ ಎದ್ದಿತು.

"ಬಿದ್ದನಾ?" ಎಂದು ನನ್ನ ಕೈ ಹಿಡಿದಳು.

"ಇಲ್ಲಕ್ಕ. ನಕ್ಷತ್ರ ಹೊಡೆದ. ಕೂಗೋದು ಕೇಳು."

ಅವಳು ಕೈ ಸಡಿಲಿಸಲಿಲ್ಲ. ಸಂಜೆ ಮುಖವಾಡ ತೆಗೆಯುವವರೆಗೂ ಅಲ್ಲಿಂದ ಏಳಲಿಲ್ಲ.

ಸಂಜೆ ಹೊಲಿಗೆ ಬಿಚ್ಚಿ, ಮುಸುಕು ತೆಗೆದಾಗ ಎಫೀಸಿಯೊನ ಕಿವಿಯ ಕೆಳಗೆ ರಕ್ತ ಒಣಗಿ ಕಪ್ಪಗಾಗಿತ್ತು. ಅವನ ಹೆಂಡತಿ ನೋಡಿ ಏನದು ಎಂದು ಕೇಳಿದಳು.

"ಸೊಳ್ಳೆ ಕಚ್ತು," ಎಂದ ಎಫೀಸಿಯೊ.

"ಫೆಬ್ರವರಿಲಿ ಎಲ್ಲಿ ಸೊಳ್ಳೆ ರೀ?"

"ನನ್ನ ಮುಖವಾಡದೊಳಗೆ ಬೆಚ್ಚಗಿತ್ತಲ್ಲ, ಬಂದಿತ್ತು. ಅಲ್ವಾ ಅತ್ತೆ?"

ಅವನು ಕುದುರೆಗೆ ಸಕ್ಕರೆ ಕೊಡಲು ಹೋದ.

ಎರಡೇ ದಿನದಲ್ಲಿ ಲೇಸಿನ ಕಥೆ ಊರೆಲ್ಲ ಹಬ್ಬಿತು. ಬೊನಾರಿಯಾ ತನ್ನ ತಾಯಿಯ ಲೇಸನ್ನು ಕತ್ತರಿಸಿ ಸವಾರನ ತೋಳಿಗೆ ಕಟ್ಟಿದಳಂತೆ. ಅದಕ್ಕೇ ನಕ್ಷತ್ರಕ್ಕೆ ಕತ್ತಿ ಕೂದಲಷ್ಟೂ ತಪ್ಪದೆ ಹೋಯಿತಂತೆ. ಹಿಂದಿನ ಕಾಲದಲ್ಲೂ ಹೀಗೇ ಮಾಡುತ್ತಿದ್ದರೆಂದು ಒಬ್ಬ ಮುದುಕ ಕಾಫಿ ಅಂಗಡಿಯಲ್ಲಿ ಆಣೆ ಮಾಡಿ ಹೇಳಿದನಂತೆ, ತನ್ನ ಅಜ್ಜಿ ನೋಡಿದ್ದಳಂತೆ. ಎರಡು ವರ್ಷದಿಂದ ಕೊಬ್ಬು ಬಂದಿದೆ ಎನ್ನುತ್ತಿದ್ದ ಮೀನಿನ ಅಂಗಡಿಯವಳು ಮೀನಿನ ಮೊಟ್ಟೆ ಒಣಗಿಸಿದ ತುಂಡೊಂದನ್ನು ಕಾಗದದಲ್ಲಿ ಸುತ್ತಿ ತಂದು, "ಆ ಲೇಸಿನಲ್ಲಿ ಚೂರು ಉಳಿದಿದ್ರೆ ನನ್ನ ಮಗಳ ಮದುವೆಗೆ ಕೊಡಮ್ಮ," ಎಂದಳು.

ಅವಳು ಹೋದ ಮೇಲೆ, ಅಲ್ಲೇ ಕೂತಿದ್ದ ಗ್ರೇಕಾ ಎದ್ದು ಬಾಗಿಲು ಮುಂದಕ್ಕೆ ಹಾಕಿದಳು.

"ಕತ್ತರಿ ಕೊಟ್ಟವಳು ನಾನು ದೊಡ್ಡಮ್ಮ. ನೀವು ಅದನ್ನ ಕಟ್ಟಲಿಲ್ಲ."

"ಗೊತ್ತಲ್ಲ ಮತ್ತೆ."

"ಕಣ್ಣು ಎಷ್ಟು ದಿನದಿಂದ ಹೀಗೆ?"

"ಐದು ವರ್ಷ."

"ಹನಿ ಎಲ್ಲಿಂದ ತರ್ತಿದ್ರಿ?" ಎಂದವಳು ನನ್ನ ಕಡೆ ತಿರುಗಿದಳು. "ಓಹೋ. ಅದಕ್ಕೇ ನಿಮಗೆ ಮೀನಿನ ಬೆಲೆ ಅಷ್ಟು ಬಾಯಿಪಾಠ." ನಾನು ತಲೆ ತಗ್ಗಿಸಿದೆ. ಗ್ರೇಕಾ ಸಿಟ್ಟು ಮಾಡಲಿಲ್ಲ. "ನಾನು ಯಾರಿಗೂ ಹೇಳಲ್ಲ," ಎಂದು ದೊಡ್ಡಮ್ಮನ ಹೆಗಲು ಮುಟ್ಟಿ ಹೋದಳು.

ಎಲ್ಲರೂ ಒಳ್ಳೆಯವರೇ. ಎಫೀಸಿಯೊ ಸೊಳ್ಳೆ ಎಂದ, ಗ್ರೇಕಾ ಹೇಳುವುದಿಲ್ಲ ಎಂದಳು, ನಾನಂತೂ ಮೊದಲಿನಿಂದಲೂ ಬಾಯಿ ಮುಚ್ಚಿದವಳು. ಒಬ್ಬೊಬ್ಬರೂ ಅವಳ ಸುತ್ತ ಒಂದೊಂದು ಇಟ್ಟಿಗೆ ತಂದಿಟ್ಟ ಹಾಗಾಯಿತು. ಆ ದಿನಗಳಲ್ಲಿ ಬೊನಾರಿಯಕ್ಕ ಊಟ ಕಡಿಮೆ ಮಾಡಿದಳು. ಒಂದು ಸಲ ಬಟ್ಟಲಿನ ಮುಂದೆ ಕೂತು, ತನ್ನ ಕಿವಿಯ ಕೆಳಗಿನ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡಳು. "ಇಲ್ಲಿಂದ ಕಣ್ಣಿಗೆ ಎಷ್ಟು ದೂರ?" ಎಂದು ಕೇಳಿದಳು. ಅವಳೇ ಅಳೆದಳು. ನಾಲ್ಕು ಬೆರಳು.

ಬೂದಿ ಬುಧವಾರ ಕಳೆದ ಮೊದಲ ಭಾನುವಾರ, ಪೂಜೆ ಮುಗಿದ ಮೇಲೆ, ಅಂತಿಯೊಗು ನಮ್ಮ ಓಣಿಗೆ ಬಂದ. ವಯಸ್ಸು ಎಪ್ಪತ್ತೆಂಟು, ಬಡಗಿ, ಈಗಲೂ ಕಿವಿಯ ಹಿಂದೆ ಪೆನ್ಸಿಲ್ ಇರುತ್ತದೆ. ಅವಳ ಗಂಡನ ಗೆಳೆಯನಾಗಿದ್ದವನು. ಬೀದಿ ಕೋಣೆಯ ಊಟದ ಮೇಜಿನ ಮುಂದೆ ಕೂತ. ನಾನು ಎದ್ದು ಹೊರಟರೆ ಬೊನಾರಿಯಕ್ಕ ಕೂರು ಎಂದು ಸನ್ನೆ ಮಾಡಿದಳು.

"ನಾನು ಅವತ್ತು ಮೇಜಿನ ಕೆಳಗೇ ನಿಂತಿದ್ದೆ ಬೊನಾರಿಯಾ," ಎಂದ ಅಂತಿಯೊಗು.

"ನೋಡಿದೆ ಅಣ್ಣ. ನೀನು ನೇರಕ್ಕಿದ್ದೆ, ಅದಕ್ಕೆ ಕಂಡೆ."

ಅವನು ನಗಲಿಲ್ಲ. "ಕೂಟದಲ್ಲಿ ಮಾತಾಡಿದೀನಿ. ನಿನ್ನ ಕಣ್ಣಿನ ವಿಷಯ ಅಲ್ಲ, ಅದನ್ನ ಯಾರಿಗೂ ಹೇಳಿಲ್ಲ. ಲೇಸಿನ ವಿಷಯ. ಅದು ನಿನ್ನ ಹರಕೆ ಅಂತ ಹೇಳಿಬಿಡೋಣ. ಗಂಡನ ಆತ್ಮಕ್ಕೆ ಹೊತ್ತ ಹರಕೆ. ಮುಂದಿನ ವರ್ಷದಿಂದ ಎಲ್ಲರಿಗೂ ಅದೇ ಬೇಕಂತೆ, ಸವಾರನ ತೋಳಿಗೆ ಒಂದು ಲೇಸು."

"ಹರಕೆ ಹೊತ್ತಿರಲಿಲ್ಲ ನಾನು."

"ಗೊತ್ತು ಕಣಮ್ಮ. ಪೂರ್ತಿ ಕೇಳು. ನಿನಗೊಂದು ಕುರ್ಚಿ ಹಾಕ್ತೀವಿ, ಮೇಜಿನ ಪಕ್ಕ. ಹೊಲಿಗೆ ಎಲ್ಲ ಗ್ರೇಕಾ ನೋಡ್ಕೊಳ್ಳಲಿ. ನೀನು ಲೇಸು ಮುಟ್ಟಿ ಕೊಟ್ರೆ ಸಾಕು. ಹೆಸರು ನಿನ್ನದೇ, ಜಾಗ ನಿನ್ನದೇ, ಇರೋತನಕ. ನಾನೇ ಬಂದು ಕೈ ಹಿಡ್ಕೊಂಡು ಕರ್ಕೊಂಡು ಹೋಗ್ತೀನಿ. ಯಾರಿಗೂ ಏನೂ ಗೊತ್ತಾಗಲ್ಲ."

"ಎಫೀಸಿಯೊನ ಕಿವಿಗೆ ಗೊತ್ತು."

"ಅವನು ಬಾಯಿ ಬಿಡಲ್ಲ."

"ಅದೇ ಅಣ್ಣ. ಯಾರೂ ಬಾಯಿ ಬಿಡಲ್ಲ." ಅವಳು ಮೇಜಿನ ಮೇಲಿದ್ದ ರೊಟ್ಟಿಯ ಚೂರುಗಳನ್ನು ಅಂಗೈಯಿಂದ ಒಂದು ಕಡೆ ಗುಡ್ಡೆ ಮಾಡಿದಳು. "ಅವತ್ತು ಗ್ರೇಕಾ ಎರಡು ಸಲ ಕೈ ಚಾಚಿದಳು. ನಾನು ಕೊಡಲಿಲ್ಲ. ಅವನ ಕಣ್ಣಿಗೂ ನನ್ನ ಸೂಜಿಗೂ ನಾಲ್ಕು ಬೆರಳು ಇತ್ತು. ಅದರ ಮೇಲೆ ಹರಕೆ ಅಂತ ಬಟ್ಟೆ ಮುಚ್ಚಿದ್ರೆ, ಮುಂದೆ ಒಬ್ಬಳಿಗೆ ಕಣ್ಣು ಕಾಣದೇ ಹೋದಾಗ ಅವಳೂ ಹೀಗೇ ಮುಚ್ಕೊಂಡು ಕೂರ್ತಾಳೆ. ಬೊನಾರಿಯಾಗೆ ಹರಕೆ ಆಯ್ತು, ನನಗೂ ಏನಾದ್ರೂ ಆಗ್ತದೆ ಅಂತ."

"ಹಾಗಾದ್ರೆ ಊರಿಗೆ ಏನಂತ ಹೇಳಲಿ?"

"ಕಾಣಿಸಲಿಲ್ಲ, ತಪ್ಪು ಹೊಲಿದಳು ಅಂತ ಹೇಳು."

"ಮರುದಿನದಿಂದ ಯಾರೂ ಈ ಬಾಗಿಲಿಗೆ ಬರಲ್ಲ ಬೊನಾರಿಯಾ. ನನಗೆ ಈ ಊರು ಗೊತ್ತು. ನೀನು ಈ ಕೋಣೇಲಿ ಒಬ್ಬಳೇ ಆಗ್ತೀಯ."

ಅವಳು ಕೋಣೆಯನ್ನು ಒಮ್ಮೆ ನೋಡಿದಳು. ಈಗ ಅವಳು ಏನನ್ನಾದರೂ ನೋಡಬೇಕಾದರೆ ತಲೆಯನ್ನು ನಿಧಾನವಾಗಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ತಿರುಗಿಸಬೇಕು, ತುಂಡು ತುಂಡಾಗಿ ನೋಡಬೇಕು. ಯಂತ್ರ, ಕಿಟಕಿ, ನಾನು, ಕೊನೆಗೆ ಅಂತಿಯೊಗುವಿನ ಮುಖ.

"ಈಗ ಮಾತ್ರ ಇಲ್ಲಿ ಎಷ್ಟು ಜನ ಇದೀವಿ ಅಂದ್ಕೊಂಡೆ?" ಎಂದಳು.

ಅಂತಿಯೊಗು ಟೋಪಿಯನ್ನು ಮೊಣಕಾಲ ಮೇಲೆ ತಿರುಗಿಸುತ್ತಾ ಕೂತ. ಅವನ ಕಣ್ಣು ಒದ್ದೆಯಾಗಿತ್ತು. "ಕುರ್ಚಿನಾದ್ರೂ ಇಡ್ತೀನಿ. ಹರಕೆ ಗಿರಕೆ ಏನೂ ಬೇಡ. ಸುಮ್ಮನೆ ಬಂದು ಕೂರು. ಇಷ್ಟು ವರ್ಷದ ಮರ್ಯಾದೆ ಅಂತ."

"ಬೇಡ ಅಣ್ಣ," ಎಂದಳು ಬೊನಾರಿಯಕ್ಕ. "ಆ ಕುರ್ಚಿ ಅಲ್ಲಿದ್ರೆ ಗ್ರೇಕಾಗೆ ಕೈ ಆಡಿಸೋಕೆ ಜಾಗ ಇರಲ್ಲ."